ಆಕಾಶದಿಂದ ಇಳಿದದ್ದು ಏನು? ಏಲಿಯನ್ ಸಿನಿಮಾ, ಹದಿಹರೆಯದ ಭಯ ಮತ್ತು ಚಿತ್ರದುರ್ಗದ ಬಾನು

ಹಾರುವ ತಟ್ಟೆಯೊಂದು ಊರಾಚೆ ಇಳಿಯುತ್ತದೆ. ಅದನ್ನು ಮೊದಲು ನೋಡುವವರು ಹೈಸ್ಕೂಲು ಹುಡುಗರು. ಓಡಿ ಬಂದು ಹೇಳಿದರೆ ದೊಡ್ಡವರು ನಗುತ್ತಾರೆ, ಪೊಲೀಸರು ಗದರುತ್ತಾರೆ. ಮರುದಿನ ಊರಿನಲ್ಲಿ ಒಬ್ಬೊಬ್ಬರೇ ಕಾಣೆಯಾಗತೊಡಗುತ್ತಾರೆ.

ಹದಿಹರೆಯದವರಿಗಾಗಿ ಬಂದ ಎಷ್ಟೋ ಏಲಿಯನ್ ಭಯಾನಕ ಸಿನಿಮಾಗಳ ಕಥೆ ಇಷ್ಟೇ. ಇಂದು ಭರಮಸಾಗರದ ಹುಡುಗನಿಗೂ ಬೆಂಗಳೂರಿನ ಹುಡುಗಿಗೂ ಇವು ಮೊಬೈಲಿನಲ್ಲಿ ಸಿಗುತ್ತವೆ. ಇವನ್ನು ನೋಡಿದರೆ ಮಕ್ಕಳ ತಲೆ ಕೆಡುತ್ತದೆಯೇ? ಏಲಿಯನ್‌ಗಳು ನಿಜವಾಗಿ ಬರಬಹುದೇ? ಆಕಾಶದಲ್ಲಿ ಕಂಡ ಬೆಳಕು ಏನು? ಈ ಪ್ರಶ್ನೆಗಳನ್ನು ಚಿತ್ರದುರ್ಗ ಜಿಲ್ಲೆಯಲ್ಲಿ ನಿಂತು ಕೇಳುವುದಕ್ಕೆ ಒಂದು ಕಾರಣವಿದೆ. ಈ ಜಿಲ್ಲೆಯಲ್ಲಿ ಆಕಾಶದಿಂದ ವಿಚಿತ್ರ ವಸ್ತುಗಳು ನಿಜವಾಗಿಯೂ ಇಳಿದಿವೆ.

ಈ ಕಥೆ ಹುಟ್ಟಿದ್ದು ಎಲ್ಲಿ?

1947ರ ಜೂನ್ 24ರಂದು ಅಮೆರಿಕದ ಪೈಲಟ್ ಕೆನೆತ್ ಆರ್ನಾಲ್ಡ್ ತಾನು ಕಂಡ ಹೊಳೆಯುವ ವಸ್ತುಗಳು ನೀರಿನ ಮೇಲೆ ಎಸೆದ ತಟ್ಟೆಯಂತೆ ಪುಟಿಯುತ್ತಾ ಸಾಗಿದವು ಎಂದು ವರ್ಣಿಸಿದ. ಅವನು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರವೆಂದು ತಿಳಿದು 'ಹಾರುವ ತಟ್ಟೆ' ಎಂದು ಬರೆದವು. ಆಮೇಲೆ ಜನರಿಗೆ ತಟ್ಟೆಗಳೇ ಕಾಣತೊಡಗಿದವು! ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಈ ಕುತೂಹಲದ ಮೇಲೆ 'ಫ್ಲೈಯಿಂಗ್ ಸಾಸರ್ಸ್' ಎಂಬ ಹೆಸರಿನಲ್ಲಿ ಎರಡು ಪುಸ್ತಕಗಳನ್ನೇ ಬರೆದರು.

ಸಿನಿಮಾದವರು ಸುಮ್ಮನಿರಲಿಲ್ಲ. 1953ರ 'ಇನ್ವೇಡರ್ಸ್ ಫ್ರಮ್ ಮಾರ್ಸ್' ಚಿತ್ರದಲ್ಲಿ ಮನೆಯ ಹಿಂದೆ ತಟ್ಟೆ ಇಳಿಯುವುದನ್ನು ಒಬ್ಬ ಬಾಲಕ ನೋಡುತ್ತಾನೆ. ಅಪ್ಪ ಅಮ್ಮನೇ ಬದಲಾಗಿಬಿಡುತ್ತಾರೆ. ಆ ಹೊತ್ತಿಗೆ ಅಮೆರಿಕದಲ್ಲಿ ದೊಡ್ಡವರು ಮನೆಯಲ್ಲಿ ಟಿವಿ ನೋಡುತ್ತಿದ್ದರು, ಥಿಯೇಟರಿಗೆ ಬರುವವರು ಹೆಚ್ಚಾಗಿ ಹುಡುಗ ಹುಡುಗಿಯರಾಗಿದ್ದರು. ಹಾಗಾಗಿ ಅವರನ್ನೇ ನಾಯಕರನ್ನಾಗಿ ಮಾಡಿದ ಅಗ್ಗದ ಚಿತ್ರಗಳು ಸಾಲುಸಾಲಾಗಿ ಬಂದವು. 1958ರ 'ದಿ ಬ್ಲಾಬ್' ಅವುಗಳಲ್ಲಿ ಹೆಸರುವಾಸಿ. ಆಕಾಶದಿಂದ ಬಿದ್ದ ಕಲ್ಲನ್ನು ಒಬ್ಬ ಮುದುಕ ಕೋಲಿನಿಂದ ಚುಚ್ಚುತ್ತಾನೆ, ಒಳಗಿನ ಲೋಳೆ ಅವನ ಕೈಗೆ ಏರುತ್ತದೆ. ಹುಡುಗರು ಹೇಳಿದ್ದನ್ನು ಊರು ನಂಬುವುದು ತಡವಾಗಿ. 1998ರ 'ದಿ ಫ್ಯಾಕಲ್ಟಿ'ಯಲ್ಲಿ ಮೇಷ್ಟ್ರುಗಳೇ ಏಲಿಯನ್ ವಶವಾಗುತ್ತಾರೆ. 2011ರ 'ಸೂಪರ್ 8' ಮತ್ತು ಲಂಡನ್ನಿನ ಬಡ ಬಡಾವಣೆಯ ಹುಡುಗರ ಕಥೆ 'ಅಟ್ಯಾಕ್ ದ ಬ್ಲಾಕ್' ಕೂಡ ಇದೇ ಸಾಲಿನವು.

ನಮ್ಮಲ್ಲಿ ಏಲಿಯನ್‌ಗೆ ಬೇರೆಯದೇ ಪಾತ್ರ ಸಿಕ್ಕಿದೆ. 1963ರ ತಮಿಳಿನ 'ಕಲೈ ಅರಸಿ'ಯಲ್ಲೇ ಅನ್ಯಗ್ರಹದವರು ಬಂದಿದ್ದರೂ, ಜನರ ಮನಸ್ಸಿನಲ್ಲಿ ಉಳಿದಿರುವುದು 2003ರ 'ಕೋಯಿ ಮಿಲ್ ಗಯಾ' ಚಿತ್ರದ ಜಾದೂ. ಅವನು ಶತ್ರುವಲ್ಲ, ಮನೆಗೆ ಬಂದ ನೆಂಟ. ಹೆದರಿಸುವ ಕೆಲಸಕ್ಕೆ ನಮ್ಮಲ್ಲಿ ಮೊದಲಿಂದಲೂ ದೆವ್ವಗಳಿವೆ. ಬಾಗಿಲಿಗೆ 'ನಾಳೆ ಬಾ' ಎಂದು ಬರೆದ ಕಾಲವನ್ನು ನೆನೆಯಿರಿ. ರಾತ್ರಿ ಬಾಗಿಲು ತಟ್ಟುವವಳು ಹೊರಗಿನಿಂದ ಬರುತ್ತಾಳೆ, ಪರಿಚಿತರ ದನಿಯಲ್ಲಿ ಕರೆಯುತ್ತಾಳೆ. ಏಲಿಯನ್ ಕಥೆಯೂ ಇದೇ, ವೇಷ ಮಾತ್ರ ಬೇರೆ.

ಭಯವಾದರೂ ಯಾಕೆ ನೋಡುತ್ತಾರೆ?

ಕತ್ತಲಲ್ಲಿ ಧಡ್ಡನೆ ಶಬ್ದವಾದರೆ ನಾವು ಬೆಚ್ಚುತ್ತೇವೆ. ಇದು ಯೋಚಿಸಿ ಮಾಡುವ ಕೆಲಸವಲ್ಲ. ಮಿದುಳಿನ ಕಾಂಡದ ಮಟ್ಟದಲ್ಲೇ ನಡೆದುಹೋಗುವ ಪ್ರತಿಕ್ರಿಯೆ. ಹಿಂದೆಯೇ ಅಡ್ರಿನಲಿನ್ ಹರಿದು ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. 'ಇದು ಸಿನಿಮಾ, ನಾನು ಮನೆಯಲ್ಲೇ ಇದ್ದೇನೆ' ಎಂಬ ಅರಿವು ಜೊತೆಗಿದ್ದಾಗ ಅದೇ ಉದ್ವೇಗ ಖುಷಿಯಾಗುತ್ತದೆ. ಜಾತ್ರೆಯ ರಾಟೆ ತೊಟ್ಟಿಲಿನಲ್ಲಿ ಕಿರುಚುತ್ತಾ ನಗುವುದೂ ಹೀಗೆಯೇ.

ಹದಿಹರೆಯದಲ್ಲಿ ರೋಮಾಂಚನ ಬಯಸುವ ಮಿದುಳಿನ ಭಾಗಗಳು ಚುರುಕಾಗಿರುತ್ತವೆ. ಹಿಡಿತ ಹಾಕುವ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಗೆಳೆಯರು ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ. ಇದು ರೋಗವಲ್ಲ, ವಯಸ್ಸಿನ ಗುಣ. ಆದರೆ ಕಥೆಗೂ ನಿಜಕ್ಕೂ ಗೆರೆ ಎಳೆಯಲು ಇನ್ನೂ ಕಲಿಯುತ್ತಿರುವ ಚಿಕ್ಕ ಮಕ್ಕಳಲ್ಲಿ ಇದೇ ಚಿತ್ರ ವಾರಗಟ್ಟಲೆ ನಿದ್ದೆ ಕೆಡಿಸಬಲ್ಲದು. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದಲ್ಲಿ ಈಗ ಯುಎ 7+, ಯುಎ 13+, ಯುಎ 16+ ಎಂಬ ವಿಂಗಡಣೆ ಇರುವುದು ಇದಕ್ಕಾಗಿಯೇ.

ಏಲಿಯನ್ ನಿಜವಾಗಿ ಬರಬಹುದೇ?

ಭೂಮಿಯಾಚೆ ಜೀವವಿದೆ ಎನ್ನಲು ಇಂದಿನವರೆಗೆ ಪುರಾವೆ ಸಿಕ್ಕಿಲ್ಲ. ಹುಡುಕಾಟ ನಡೆದಿದೆ. ಆದರೆ ದಂಡೆತ್ತಿ ಬರುವ ಕಥೆಗೆ ದೂರವೇ ದೊಡ್ಡ ಅಡ್ಡಿ. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಸುಮಾರು 4.2 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹಾರಿದ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ನಮ್ಮ ನೀರು ಕದಿಯಲು ಬರುತ್ತಾರೆ ಎಂಬ ಕಥೆಯೂ ನಿಲ್ಲುವುದಿಲ್ಲ. ಗುರು ಗ್ರಹದ ಉಪಗ್ರಹ ಯುರೋಪಾದಲ್ಲೇ ನಮ್ಮ ಸಾಗರಗಳಿಗಿಂತ ಹೆಚ್ಚು ನೀರಿದೆ ಎಂದು ವಿಜ್ಞಾನಿಗಳು ಅಂದಾಜಿಸುತ್ತಾರೆ.

ಹಾಗಾದರೆ ಚಿತ್ರದುರ್ಗದಲ್ಲಿ ಇಳಿದದ್ದು ಏನು?

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2017ರಲ್ಲಿ ಉದ್ಘಾಟನೆಯಾದ ಈ ಜಾಗದಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಾರೆ. 2022ರ ಜುಲೈ 1ರಂದು ಇಲ್ಲಿಂದ ಹಾರಿದ ಒಂದು ಮಾದರಿಗೆ ಬಾಲವೇ ಇರಲಿಲ್ಲ. ಇಡೀ ವಿಮಾನವೇ ಒಂದು ರೆಕ್ಕೆ. ಏನೆಂದು ತಿಳಿಯದವರು ಅದನ್ನು ಸಂಜೆಗತ್ತಲಲ್ಲಿ ಕಂಡರೆ ಯಾವ ಹೆಸರಿಟ್ಟಾರು, ಊಹಿಸಿ.

ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ 'ಪುಷ್ಪಕ್' ಇಳಿದದ್ದೂ ಇಲ್ಲೇ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತಾನಾಗಿಯೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಉಳ್ಳಾರ್ತಿ ಕಾವಲಿನಲ್ಲಂತೂ ಲ್ಯಾಂಡರ್ ಪರೀಕ್ಷೆಗೆಂದು ಚಂದ್ರನ ಕುಳಿಗಳನ್ನೇ ಹೋಲುವ ಗುಂಡಿಗಳನ್ನು ಮಾಡಿದ್ದರು.

ಎಲ್ಲ ಇಳಿತಗಳೂ ಅಂದುಕೊಂಡಂತೆ ಆಗಲಿಲ್ಲ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಜೋಡಿಚಿಕ್ಕೇನಹಳ್ಳಿ ಬಳಿ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ತಪಸ್ ಡ್ರೋನ್ ಬಿತ್ತು. ಇದರ ರೆಕ್ಕೆಗಳ ಅಗಲವೇ 20 ಮೀಟರಿಗಿಂತ ಹೆಚ್ಚು. ಸುತ್ತಲಿನ ಜನ ಓಡಿ ಬಂದು ಗುಂಪುಗೂಡಿದರು. ಯಾರಿಗಾದರೂ ಕುತೂಹಲ ಸಹಜವೇ. ಆದರೆ 'ದಿ ಬ್ಲಾಬ್' ಚಿತ್ರದ ಮುದುಕನ ಕೋಲು ನೆನಪಾಗಬೇಕಾದದ್ದು ಇಲ್ಲಿ. ಒಳಗೆ ಲೋಳೆ ಇರುವುದಿಲ್ಲ, ಇಂಧನ ಇರುತ್ತದೆ. ಆರಿದಂತೆ ಕಂಡ ಲಿಥಿಯಂ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು. ಮುರಿದ ಕಾರ್ಬನ್ ನಾರಿನ ಚೂರುಗಳು ಚರ್ಮಕ್ಕೆ ಚುಚ್ಚುತ್ತವೆ, ಸುಟ್ಟಾಗ ಅದರ ಪುಡಿ ಉಸಿರಿನೊಳಗೆ ಹೋಗುತ್ತದೆ. ರಾಕೆಟ್ ಚೂರುಗಳಲ್ಲಿ ವಿಷಕಾರಿ ಇಂಧನ ಉಳಿದಿರಲೂಬಹುದು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಆಕಾಶದಿಂದ ಬಿದ್ದಿತ್ತು. ಅದು ಚೀನಾದ ರಾಕೆಟ್ಟಿನ ಅವಶೇಷವೆಂದು ತಜ್ಞರು ಗುರುತಿಸಿದರು.

ಇನ್ನೊಂದು ಪಾಠ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ್ದು. 2013ರ ಫೆಬ್ರವರಿ 15ರಂದು ಸುಮಾರು 20 ಮೀಟರ್ ಅಗಲದ ಬಾಹ್ಯಾಕಾಶ ಬಂಡೆ ಅಲ್ಲಿನ ಆಕಾಶದಲ್ಲಿ ಸಿಡಿಯಿತು. ಸೂರ್ಯನಂಥ ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಆಘಾತದ ಅಲೆ ಬಂದದ್ದು ಎರಡು ನಿಮಿಷಕ್ಕೂ ಹೆಚ್ಚು ಹೊತ್ತಿನ ಮೇಲೆ. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ಪೆಟ್ಟಾದದ್ದು ಒಡೆದ ಗಾಜಿನಿಂದ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದನ್ನು ನೆನಪಿಟ್ಟವರು ಕಿಟಕಿಯಿಂದ ದೂರ ನಿಲ್ಲುತ್ತಾರೆ.

ಬೆಳಕು ಕಂಡರೆ ಗುರುತಿಸುವುದು ಹೇಗೆ?

ಭರಮಸಾಗರದ ಕೆರೆ ಏರಿಯ ಮೇಲೋ ನಿಮ್ಮ ಮನೆಯ ಮಾಳಿಗೆಯ ಮೇಲೋ ನಿಂತು ಇವನ್ನು ನೋಡಬಹುದು:

- ಸಂಜೆ ಪಶ್ಚಿಮದಲ್ಲಿ ಅಥವಾ ಬೆಳಗಿನ ಜಾವ ಪೂರ್ವದಲ್ಲಿ, ಮಿಟುಕದೆ ಬಹಳ ಪ್ರಖರವಾಗಿ ಹೊಳೆಯುವುದು ಬಹುತೇಕ ಶುಕ್ರ ಗ್ರಹ. ದಿಗಂತಕ್ಕೆ ಹತ್ತಿರವಾದಾಗ ಗಾಳಿಯ ಕದಲಿಕೆಯಿಂದ ಬಣ್ಣ ಬದಲಾಯಿಸಿದಂತೆಯೂ ಕಾಣುತ್ತದೆ.
- ಒಂದೇ ಜಾಗದಲ್ಲಿ, ಗುಡ್ಡದ ಸಾಲಿನ ಮೇಲೆ ತಾಳಬದ್ಧವಾಗಿ ಮಿನುಗುವ ಕೆಂಪು ದೀಪಗಳು ಗಾಳಿಯಂತ್ರಗಳ ಅಥವಾ ಟವರುಗಳ ಎಚ್ಚರಿಕೆ ದೀಪಗಳು. ದುರ್ಗದ ಗುಡ್ಡಗಳಲ್ಲಿ ಇವಕ್ಕೆ ಬರವಿಲ್ಲ.
- ಮಣಿ ಪೋಣಿಸಿದಂತೆ ಒಂದೇ ಸಾಲಿನಲ್ಲಿ ಸದ್ದಿಲ್ಲದೆ ಸಾಗುವ ಬೆಳಕುಗಳು ಸ್ಟಾರ್‌ಲಿಂಕ್ ಉಪಗ್ರಹಗಳು. ಮೊದಲ 60 ಉಪಗ್ರಹಗಳ ಗುಂಪು ಹಾರಿದ್ದು 2019ರ ಮೇನಲ್ಲಿ.
- ಒಂದೆರಡು ಸೆಕೆಂಡಿನಲ್ಲಿ ಮುಗಿಯುವ ಗೆರೆ ಉಲ್ಕೆ. ನಿಧಾನವಾಗಿ, ಚೂರು ಚೂರಾಗುತ್ತಾ ಸಾಗುವುದು ಮರಳಿ ಬೀಳುತ್ತಿರುವ ರಾಕೆಟ್ ಭಾಗ ಇರಬಹುದು.
- ಕೆಂಪು, ಹಸಿರು ದೀಪಗಳ ಜೊತೆ ಬಿಳಿ ಮಿನುಗು ಇದ್ದರೆ ವಿಮಾನ.

ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ನಿಂತಿರುವ ಬೆಳಕೂ ಓಡಾಡಿದಂತೆ ಕಾಣುತ್ತದೆ. ಸುತ್ತ ಹೋಲಿಸಿ ನೋಡಲು ಏನೂ ಇಲ್ಲದಾಗ ನಮ್ಮ ಕಣ್ಣಿಗಾಗುವ ಮೋಸವಿದು. ಗೋಡೆಯ ಅಂಚಿಗೋ ಕರೆಂಟಿನ ತಂತಿಗೋ ಅದನ್ನು ಸಮ ಹಿಡಿದು ನೋಡಿ. ನಿಜವಾಗಿ ಚಲಿಸುತ್ತಿದೆಯೇ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಜವಾದ ಅಪಾಯ ಯಾವುದು?

1938ರ ಅಕ್ಟೋಬರ್ 30ರಂದು ಮಂಗಳ ಗ್ರಹದವರ ದಾಳಿಯ ರೇಡಿಯೊ ನಾಟಕ ಕೇಳಿ ಅಮೆರಿಕವೇ ಬೀದಿಗೆ ಓಡಿತು ಎಂಬ ಮಾತು ಜನಜನಿತ. ಅದು ಬಹಳಷ್ಟು ಉತ್ಪ್ರೇಕ್ಷೆ. ಅಂದು ರಾತ್ರಿಯ ಸಮೀಕ್ಷೆಯಲ್ಲಿ ಸಿಕ್ಕವರ ಪೈಕಿ ಆ ನಾಟಕ ಕೇಳುತ್ತಿದ್ದವರು ಶೇಕಡಾ 2ರಷ್ಟು ಮಾತ್ರ. ಗಾಬರಿಯ ಸುದ್ದಿಯನ್ನು ಹಿಗ್ಗಿಸಿದ್ದು ಪತ್ರಿಕೆಗಳು. ಆದರೆ 1949ರಲ್ಲಿ ಈಕ್ವೆಡಾರ್‌ನ ಕ್ವಿಟೊ ನಗರದಲ್ಲಿ ಇದೇ ನಾಟಕ ಪ್ರಸಾರವಾದಾಗ ನಿಜವಾಗಿಯೂ ಜನ ಗಾಬರಿಯಾದರು. ಅದು ನಾಟಕವೆಂದು ತಿಳಿದಾಗ ಸಿಟ್ಟಿಗೆದ್ದು ರೇಡಿಯೊ ನಿಲಯಕ್ಕೆ ಬೆಂಕಿ ಇಟ್ಟರು, ಹಲವರು ಸತ್ತರು. ಕೊಂದದ್ದು ಮಂಗಳದವರಲ್ಲ.

ಇಷ್ಟು ದೂರ ಹೋಗುವುದೂ ಬೇಡ. 2018ರಲ್ಲಿ ಕರ್ನಾಟಕದ ತುಂಬ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ಹರಿದಾಡಿದವು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದವರ ಕಾರನ್ನು ತಡೆದು ಜನ ಹೊಡೆದರು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬ ಸತ್ತ. 'ನಮ್ಮ ಹಾಗೇ ಕಾಣುವ ಹೊರಗಿನವನು ನಮ್ಮ ಮಕ್ಕಳಿಗಾಗಿ ಬಂದಿದ್ದಾನೆ' ಎಂಬುದು ಏಲಿಯನ್ ಸಿನಿಮಾದ ಹಳೆಯ ಸೂತ್ರ. ಪರದೆಯ ಮೇಲೆ ಅದು ಒಂದೂವರೆ ಗಂಟೆಯ ಮನರಂಜನೆ. ಊರಿನಲ್ಲಿ ಅದನ್ನು ನಂಬಿದಾಗ ಮನುಷ್ಯರು ಸಾಯುತ್ತಾರೆ.

ಈ ಎರಡೂ ಕಡೆ ಬೇಕಾಗಿದ್ದದ್ದು ಒಂದೇ ಅಭ್ಯಾಸ. ಕಂಡದ್ದನ್ನೂ ಅದರ ಬಗ್ಗೆ ಕಟ್ಟಿದ ಕಥೆಯನ್ನೂ ಬೇರೆ ಬೇರೆ ಇಡುವುದು. ಕಾರು ಬಂದದ್ದು ನಿಜ, ಚಾಕಲೇಟು ಕೊಟ್ಟದ್ದು ನಿಜ. ಕಳ್ಳರು ಎಂಬುದು ಕಥೆ. ಬೆಳಕು ಕಂಡದ್ದು ನಿಜ. ಏಲಿಯನ್ ಎಂಬುದು ಕಥೆ.

ಮನೆಯಲ್ಲಿ, ಶಾಲೆಯಲ್ಲಿ ಏನು ಮಾಡಬಹುದು?

ಮಗು ಬಂದು 'ಅಪ್ಪಾ, ಆಕಾಶದಲ್ಲಿ ಏನೋ ಕಂಡೆ' ಎಂದರೆ ನಗಬೇಡಿ. 'ಸಿನಿಮಾ ನೋಡಿ ನೋಡಿ ಹೀಗಾಗಿದೀಯ' ಎಂದು ಗದರಲೂಬೇಡಿ. ಯಾವ ದಿಕ್ಕಿನಲ್ಲಿ? ಎಷ್ಟು ಹೊತ್ತು? ಸದ್ದಿತ್ತೇ? ಮಿನುಗುತ್ತಿತ್ತೇ? ಎಂದು ಕೇಳಿ, ಬರೆದಿಟ್ಟುಕೊಳ್ಳಿ, ಜೊತೆಗೆ ಹೊರಗೆ ಹೋಗಿ ನೋಡಿ. ಈ ಸಿನಿಮಾಗಳ ದೊಡ್ಡವರು ಮಾಡುವ ಮೊದಲ ತಪ್ಪು ಕೇಳಿಸಿಕೊಳ್ಳದಿರುವುದು. ಇವತ್ತು ಬೆಳಕಿನ ಮಾತಿಗೆ ನಕ್ಕರೆ, ನಾಳೆ ಯಾರೋ ಹಿಂಬಾಲಿಸಿದರು, ಯಾರೋ ಮೈ ಮುಟ್ಟಿದರು ಎಂಬ ಮಾತನ್ನು ಆ ಮಗು ನಿಮಗೆ ಹೇಳಲಾರದು.

ಹೊಲದಲ್ಲಿ ಏನಾದರೂ ಬಿದ್ದರೆ ಮುಟ್ಟಬೇಡಿ, ಚೂರುಗಳನ್ನು ಮನೆಗೆ ಒಯ್ಯಬೇಡಿ, ಗಾಳಿ ಬೀಸುವ ಎದುರು ದಿಕ್ಕಿನಲ್ಲಿ ದೂರ ಸರಿದು 112ಕ್ಕೆ ಕರೆ ಮಾಡಿ. ಸೆಲ್ಫಿಗಾಗಿ ಹತ್ತಿರ ಹೋಗುವವರನ್ನೂ ತಡೆಯಿರಿ. ಗುರುತು ತಿಳಿಯದ ವ್ಯಕ್ತಿ ಬಂದರೂ ಇದೇ ಸಂಖ್ಯೆ. ಹೊಡೆಯುವ ಹಕ್ಕು ಯಾರಿಗೂ ಇಲ್ಲ.

ಭಯಾನಕ ಚಿತ್ರ ನೋಡಲೇಬೇಕೆಂದರೆ ವಯಸ್ಸಿನ ಗುರುತು ನೋಡಿಕೊಂಡು, ಮಲಗುವ ಮುಂಚೆ ಒಂಟಿಯಾಗಿ ನೋಡುವ ಬದಲು ಹಗಲಿನಲ್ಲಿ ಎಲ್ಲರೂ ಸೇರಿ ನೋಡಬಹುದು. ವಾರಗಳು ಕಳೆದರೂ ಮಗುವಿನ ನಿದ್ದೆ ಸರಿಹೋಗದಿದ್ದರೆ, ಶಾಲೆಗೆ ಹೋಗಲು ಹಿಂಜರಿದರೆ, ಭಯದ ಹಿಂದೆ ಬೇರೆ ಕಾರಣ ಇರಬಹುದು. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಏಲಿಯನ್‌ಗಾಗಿ ಹುಡುಕುವ ಕಣ್ಣುಗಳಿಗೆ ಪುಷ್ಪಕ್ ಇಳಿದ ಈ ಜಿಲ್ಲೆಯ ಬಾನಿನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಮುಂದಿನ ಬಾರಿ ಬೆಳಕೊಂದು ಕಂಡಾಗ ವಾಟ್ಸಾಪ್ ತೆರೆಯುವ ಮೊದಲು ಗಡಿಯಾರ ನೋಡಿ, ದಿಕ್ಕು ಗುರುತು ಹಾಕಿಕೊಳ್ಳಿ.