ಝಡ್ ಡ್ರೈವ್ ಮಾಯವಾದರೆ ತಪ್ಪು ಯಾರದು?

ಪುಣೆ, ಮುಂಬೈ, ಹೈದರಾಬಾದ್‌ಗಳ ಸಣ್ಣ ಕಚೇರಿಗಳಲ್ಲಿ ದುಡಿಯುವ ಕನ್ನಡಿಗ ಗೆಳೆಯರು ನನಗೆ ಆಗಾಗ ಫೋನ್ ಮಾಡುವುದು ಒಂದೇ ದೂರು ಹೇಳಲು: 'ನಿನ್ನೆ ಇದ್ದ ಝಡ್ ಡ್ರೈವ್ ಇವತ್ತಿಲ್ಲ. ಅಕೌಂಟ್ಸ್ ಸಾಫ್ಟ್‌ವೇರ್ ತೆರೀತಾನೇ ಇಲ್ಲ ಮಾರಾಯ.' ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಖಿನಂದೇ ಹೀಗಾದರೆ ಬೈಸಿಕೊಳ್ಳುವುದು ಕಂಪ್ಯೂಟರ್ ಮುಂದೆ ಕೂತವರು. 'ನೀನೇ ಏನೋ ಒತ್ತಿರಬೇಕು' ಎಂಬ ಮಾತು ಬೇರೆ. ನಾನು ನೋಡಿದ ಮಟ್ಟಿಗೆ, ಬಹುತೇಕ ಸಲ ಅವರು ಏನನ್ನೂ ಒತ್ತಿರುವುದಿಲ್ಲ.

ಡ್ರೈವ್‌ಗೆ ಅಕ್ಷರ ಕೊಡುವುದು ಡಾಸ್ ಕಾಲದ ಬಳುವಳಿ. ಎ ಮತ್ತು ಬಿ ಫ್ಲಾಪಿಗೆ, ಸಿ ಹಾರ್ಡ್ ಡಿಸ್ಕ್‌ಗೆ. ಉಳಿದ ಅಕ್ಷರಗಳಲ್ಲೊಂದನ್ನು ಸರ್ವರಿನ ಫೋಲ್ಡರಿಗೆ ಇಡುವುದೇ ಮ್ಯಾಪಿಂಗ್. ಅದು ಬರೀ ಅಡ್ಡಹೆಸರು. ನಮ್ಮೂರಲ್ಲಿ 'ಮೂಲೆಮನೆ' ಎಂದರೆ ಸಾಕು. ಪುಣೆಯ ಕೊರಿಯರ್ ಹುಡುಗನಿಗೆ ಸೊಸೈಟಿ, ವಿಂಗ್, ಫ್ಲ್ಯಾಟ್ ನಂಬರ್ ಎಲ್ಲವೂ ಬೇಕು.

ವಿಂಡೋಸ್‌ನಲ್ಲಿ ಈ ಅಡ್ಡಹೆಸರು ಗೊತ್ತಿರುವುದು ಮ್ಯಾಪ್ ಮಾಡಿದ ಬಳಕೆದಾರರ ಲಾಗಿನ್‌ಗೆ ಮಾತ್ರ. ಅದೇ ಕಂಪ್ಯೂಟರಿಗೆ ಇನ್ನೊಬ್ಬರು ಲಾಗಿನ್ ಆದರೆ ಝಡ್ ಇರುವುದಿಲ್ಲ. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆದ ಅಪ್ಲಿಕೇಶನ್‌ಗೂ ಸಾಮಾನ್ಯವಾಗಿ ಅದು ಕಾಣದು. ರಾತ್ರಿ ಹಿನ್ನೆಲೆಯಲ್ಲಿ ಓಡುವ ಬ್ಯಾಕಪ್ ಸರ್ವಿಸ್‌ಗೂ ಅಷ್ಟೇ. ಬೆಳಿಗ್ಗೆ ವೈಫೈ ಸಿಗುವ ಮೊದಲೇ ಲಾಗಿನ್ ಆದರೆ ಡ್ರೈವ್ ಮೇಲೆ ಕೆಂಪು ಗುರುತು ಬೀಳುತ್ತದೆ.

ಹಲವರು ಹಂಚಿಕೊಂಡು ಬಳಸುವ ಸಾಫ್ಟ್‌ವೇರ್ ಒಬ್ಬರ ಅಡ್ಡಹೆಸರನ್ನು ನಂಬಿ ನಿಲ್ಲಬಾರದು. ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರ್ ಹೆಸರು: ಇದು ಪೂರ್ಣ ವಿಳಾಸ. ಅನುಮತಿ ಇರುವ ಯಾರೇ ಲಾಗಿನ್ ಆದರೂ ಇದು ಬದಲಾಗದು. ಆದರೂ 'ಮೊದಲು ಝಡ್ ಮ್ಯಾಪ್ ಮಾಡಿ' ಎಂದೇ ಹೇಳಿಕೊಡುವ ಮಾರಾಟಗಾರರಿದ್ದಾರೆ. ತಪ್ಪು ಅಲ್ಲಿದೆ, ಅಕೌಂಟ್ಸ್ ಹುಡುಗಿಯದಲ್ಲ.

ಇದು ಈಗ ತುರ್ತಿನ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಚೇರಿಗಳು ವಿಂಡೋಸ್ 11ಕ್ಕೆ ಹೋಗುತ್ತಿವೆ. ಅದರ ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಯನ್ನು ತಾನಾಗಿ ಒಪ್ಪುವುದಿಲ್ಲ. ಹಳೆಯ ಶೇರ್ ತೆರೆಯದಾದಾಗ ರಿಪೇರಿಗೆ ಬಂದವರು ಗೆಸ್ಟ್ ಪ್ರವೇಶವನ್ನೋ, ಹಳೆಯ ಎಸ್‌ಎಂಬಿ 1 ಅನ್ನೋ ಮತ್ತೆ ಆನ್ ಮಾಡಿ ಹೋಗುವುದುಂಟು. ಕೆಲಸ ನಡೆಯುತ್ತದೆ, ಬಾಗಿಲು ತೆರೆದೇ ಇರುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಎಸ್‌ಎಂಬಿ 1ರ ದೋಷದ ಮೂಲಕವೇ.

ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಪಾಸ್‌ವರ್ಡ್, ಪೂರ್ಣ ವಿಳಾಸ. ಸಣ್ಣ ಕಚೇರಿಯಲ್ಲಿ ಇವನ್ನು ಸರಿಪಡಿಸಲು ಹೆಚ್ಚೆಂದರೆ ಒಂದು ದಿನದ ಕೆಲಸ. ನಿಮ್ಮ ಬ್ಯಾಕಪ್ ನಿಜವಾಗಿ ಆಗುತ್ತಿದೆಯೇ ಎಂದು ಇವತ್ತೇ ಒಂದು ಫೈಲ್ ವಾಪಸ್ ತೆಗೆದು ನೋಡಿ. ಮುಂದಿನ ಸಲ ಸಾಫ್ಟ್‌ವೇರ್ ಕೊಳ್ಳುವಾಗ ಮಾರುವವರಿಗೆ ಈ ಪ್ರಶ್ನೆ ಹಾಕಿ: ಡ್ರೈವ್ ಅಕ್ಷರ ಇಲ್ಲದೆ ಇದು ನಡೆಯುತ್ತದೆಯೇ? 'ಇಲ್ಲ' ಎಂದರೆ ಬೇರೆಯದನ್ನು ನೋಡಿ.