ಹೈಫಾ ಸ್ಟೇಷನ್ನೂ ಜೆ.ಸಿ. ನಗರದ ಕಂಬವೂ

ಸೆಪ್ಟೆಂಬರ್ 23 ಬಂತೆಂದರೆ ಹೈಫಾ ಹೆಸರು ಒಂದು ದಿನ ಕೇಳಿಬಂದು ಮಾಯವಾಗುತ್ತದೆ. ಇಸ್ರೇಲಿನ ಆ ಬಂದರಿಗೂ ಮೈಸೂರಿಗೂ ಏನು ನಂಟು ಅಂತ ಕೇಳಿದರೆ ಅಂಗಡಿ ಮುಂದೆ ಕೂತವರು ತಲೆ ಕೆರೆದುಕೊಳ್ಳುತ್ತಾರೆ. ನಂಟು ಬೆಸೆದದ್ದು ರೈಲು!

ತುರ್ಕಿ ಸುಲ್ತಾನರು ಹಾಕಿಸಿದ ಹೆಜಾಜ್ ರೈಲ್ವೆಯ ಒಂದು ಕವಲು 1905ರಲ್ಲಿ ಹೈಫಾ ಮುಟ್ಟಿತು. ಮೊದಲನೇ ಮಹಾಯುದ್ಧದಲ್ಲಿ ಬಂದರು, ರೈಲು ಯಾರ ಕೈಲೋ, ಸೈನ್ಯದ ರೇಷನ್ನು, ಮದ್ದುಗುಂಡು ಅವರ ಕೈಲಿ. ಉತ್ತರಕ್ಕೆ ನುಗ್ಗುತ್ತಿದ್ದ ಬ್ರಿಟಿಷ್ ಜನರಲ್ ಅಲೆನ್‌ಬಿಗೆ ಹೈಫಾ ಬೇಕಾದದ್ದು ಇದಕ್ಕೇ.

1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಮೆಷಿನ್‌ಗನ್‌ಗಳ ಎದುರು ಈಟಿ, ಕತ್ತಿ ಹಿಡಿದು ಕುದುರೆ ಓಡಿಸಿದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿತು. ಸಂಜೆಯೊಳಗೆ ಊರು ವಶ. ಸೆರೆ ಸಿಕ್ಕವರು 1,350 ಮಂದಿ, ಫಿರಂಗಿ 17. ಸತ್ತ ಸವಾರರು ಎಂಟು, ಕುದುರೆಗಳು 60.

ಆ ಕಾಲದ ಹೈಫಾ ಪೂರ್ವ ಸ್ಟೇಷನ್ 1946ರ ಬಾಂಬ್ ಸ್ಫೋಟದಲ್ಲಿ ಅರ್ಧ ಕುಸಿಯಿತು. ಆದರೂ ಉಳಿದ ಭಾಗವನ್ನು ಯಾರೂ ಕೆಡವಲಿಲ್ಲ. ಅದೇ ಆವರಣದಲ್ಲಿ 1983ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಊರೊಳಗೆ ಭಾರತೀಯ ಸೈನಿಕರ ಸಮಾಧಿ ಸ್ಥಳವೂ ಇದೆ. 2017ರಲ್ಲಿ ಪ್ರಧಾನಿ ಮೋದಿ ಅಲ್ಲಿಗೆ ಹೋಗಿ ಬಂದರು. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರು ಸೇರಿತು. ಅಲ್ಲಿನ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸವಾರರ ನೆನಪಿಗೆ.

ಹೊರಗಡೆ ಇಷ್ಟೆಲ್ಲ ಆಯಿತು, ಸರಿ. ಮನೆಯಲ್ಲಿ? ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಕಂಬವಿದೆ. ಅದರ ಮುಂದೆ ದಿನಾ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಜನಕ್ಕೆ ಅದರ ಕಥೆ ಗೊತ್ತು? ಹೈಫಾ ಅಂದರೆ ಜೋಧಪುರದ ಮೇಜರ್ ದಳಪತ್ ಸಿಂಗ್ ಹೆಸರು ಥಟ್ಟನೆ ಬರುತ್ತದೆ. ಅವರು ಪ್ರಾಣ ಕೊಟ್ಟವರು, ಅದು ನ್ಯಾಯವೇ. ಆದರೆ ಬೆಟ್ಟ ಹತ್ತಿದ ಮೈಸೂರಿನವರ ಒಂದು ಹೆಸರಾದರೂ ನಮ್ಮ ಮಕ್ಕಳ ಬಾಯಲ್ಲಿದೆಯೇ?

ಅದು ಬ್ರಿಟಿಷರ ಯುದ್ಧ, ನಮಗೇಕೆ ಎಂಬ ಮಾತೂ ಉಂಟು. ಮಾತು ಸುಳ್ಳಲ್ಲ. ಆದರೆ ಯುದ್ಧ ಯಾರದಾದರೇನು, ಹೋದ ಜೀವ ನಮ್ಮೂರಿನದು. ತಮ್ಮದಲ್ಲದ ಸುಲ್ತಾನರ ಸ್ಟೇಷನ್ನನ್ನು ಹೈಫಾದವರು ಉಳಿಸಿಕೊಂಡಿದ್ದಾರೆ. ತಮ್ಮದೇ ಸವಾರರ ಕಥೆಯನ್ನು ಕನ್ನಡದಲ್ಲಿ ಬರೆದು ಕಂಬದ ಪಕ್ಕ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವಂತೆ ಒಂದು ಫಲಕ ನಿಲ್ಲಿಸುವುದು ಸರ್ಕಾರಕ್ಕೆ ಅಷ್ಟು ಭಾರವೇ?