ಚಹಾ ಚೆಲ್ಲಿದ ಲ್ಯಾಪ್‌ಟಾಪ್ ಮತ್ತು ದುರಸ್ತಿಯ ಹಕ್ಕು

ಧಾರವಾಡದಿಂದ ಸವದತ್ತಿಯ ಕಡೆಗೆ ಹೋಗುವ ಹಾದಿಯಲ್ಲಿರುವ ಅಮ್ಮಿನಬಾವಿಯ ಹೆಸರು ಅವಳಿ ನಗರದ ಜನರ ಕಿವಿಗೆ ಬೀಳುವುದು ಹೆಚ್ಚಾಗಿ ನೀರಿನ ಮಾತು ಬಂದಾಗ. ಮಲಪ್ರಭೆಯ ನೀರು ಇಲ್ಲಿನ ಘಟಕದಲ್ಲಿ ಶುದ್ಧಗೊಂಡು ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹರಿಯುತ್ತದೆ. ಆ ಊರಿನಲ್ಲಿ ನನ್ನ ತಮ್ಮನ ಮನೆಯಿದೆ. ಅಲ್ಲಿ ಒಂದು ಲೋಟ ಚಹಾ ಮಾಡಿದ ಅನಾಹುತವೇ ಈ ಬರಹಕ್ಕೆ ಕಾರಣ.

ತಮ್ಮನ ಮಗಳು ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಳು. ಹೆಸರು ಮಾರಿ ಬಂದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪ್ ಅದು; ಬೆಲೆ ರೂ. 46,000. ಪ್ರಾಜೆಕ್ಟ್ ವರದಿ ಸಲ್ಲಿಸಲು ಹನ್ನೆರಡು ದಿನ ಬಾಕಿ ಇರುವಾಗ ಅರ್ಧ ಲೋಟ ಚಹಾ ಕೀಲಿಮಣೆಯ ಮೇಲೆ ಚೆಲ್ಲಿತು. “ದೊಡ್ಡಪ್ಪಾ, ಪರದೆ ಒಮ್ಮೆ ಮಿಂಚಿ ಕಪ್ಪಾತು” ಎಂದು ಅವಳು ಫೋನಿನಲ್ಲಿ ಅತ್ತಾಗ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಮನೆಯವರು ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಾಗಿತ್ತು.

ಅಕ್ಕಿಯ ಈ ಉಪಾಯವನ್ನು ಯಾರು ಹಬ್ಬಿಸಿದರೋ! ತೇವ ಹೀರುವುದರಲ್ಲಿ ಅದು ತೆರೆದ ಗಾಳಿಗಿಂತ ಮೇಲೇನಲ್ಲ. ಒಳಗೆ ದೂಳನ್ನಷ್ಟೇ ಬಿಡುತ್ತದೆ. ಅಪಾಯದ ಮೂಲ ಬರೀ ತೇವವಲ್ಲ, ತೇವ ಮತ್ತು ವಿದ್ಯುತ್ತು ಒಟ್ಟಿಗೆ ಇರುವುದು. ಶುದ್ಧ ನೀರು ವಿದ್ಯುತ್ತನ್ನು ಹೆಚ್ಚು ಹರಿಯಗೊಡುವುದಿಲ್ಲ. ಆದರೆ ನಲ್ಲಿಯ ನೀರಿನಲ್ಲಿ ಲವಣವಿದೆ, ಚಹಾದಲ್ಲಿ ಹಾಲೂ ಸಕ್ಕರೆಯೂ ಇವೆ. ಬ್ಯಾಟರಿಯ ಸಂಪರ್ಕ ಉಳಿದಿರುವವರೆಗೆ ಯಂತ್ರ ಆರಿದಂತೆ ಕಂಡರೂ ಬೋರ್ಡಿನ ಕೆಲವು ಎಳೆಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ತಾಮ್ರ ಕರಗುತ್ತದೆ, ಹಸಿರು ಕಿಲುಬು ಹಬ್ಬುತ್ತದೆ. ಆದ್ದರಿಂದ ಮೊದಲು ಚಾರ್ಜರ್ ಕಿತ್ತು ಯಂತ್ರವನ್ನು ಪೂರ್ತಿ ಆರಿಸಬೇಕು, ಬಲ್ಲವರಿಂದ ಬೇಗ ಬ್ಯಾಟರಿ ಕಳಚಿಸಬೇಕು. ‘ನಡೆಯುತ್ತದೆಯೋ ನೋಡೋಣ’ ಎಂದು ಮತ್ತೆ ಮತ್ತೆ ಗುಂಡಿ ಒತ್ತುವುದೇ ಅನೇಕ ಯಂತ್ರಗಳಿಗೆ ಮರಣಶಾಸನ.

ಮರುದಿನ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೆ ಹೋದೆವು. ಒಳಗೆ ಅಂಟಿಸಿದ್ದ ಚಿಕ್ಕ ಬಿಳಿಯ ಚೀಟಿ ತೇವ ತಗಲಿ ಕೆಂಪಾಗಿತ್ತು. ದ್ರವ ಬಿದ್ದರೆ ವಾರಂಟಿ ಇಲ್ಲ, ಮದರ್‌ಬೋರ್ಡ್ ಇಡಿಯಾಗಿ ಬದಲಿಸಬೇಕು, ರೂ. 32,000, ಮೂರು ವಾರ. ಯಾವ ಭಾಗ ಕೆಟ್ಟಿದೆ ಎಂದು ಕೇಳಿದ್ದಕ್ಕೆ, ಬಿಡಿಭಾಗದ ದುರಸ್ತಿ ತಮ್ಮಲ್ಲಿಲ್ಲ ಎಂದರು. ಕೌಂಟರಿನ ಆ ಹುಡುಗನನ್ನು ದೂರಲಾರೆ. ಅವನಿಗೆ ಕಲಿಸಿದ್ದೇ ಅಷ್ಟು.

ಧಾರವಾಡದ ಒಂದು ಓಣಿಯಲ್ಲಿ, ನಾಲ್ಕು ಜನ ನಿಂತರೆ ತುಂಬಿಹೋಗುವ ಅಂಗಡಿಯೊಂದರಲ್ಲಿ ಬೇರೆಯೇ ಉತ್ತರ ದೊರೆಯಿತು. “ಬೋರ್ಡು ಸತ್ತಿಲ್ಲರೀ ಸರ್, ಉಸರು ಹಿಡದೈತಿ” ಎಂದ ಆ ಕುಶಲಕರ್ಮಿ ಬೋರ್ಡನ್ನು ಹೊರತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟ. ವಿದ್ಯುತ್ ನಿಯಂತ್ರಿಸುವ ಒಂದು ಪುಟ್ಟ ಚಿಪ್ಪೂ ಸಾಸಿವೆ ಕಾಳಿಗಿಂತ ಚಿಕ್ಕವಾದ ಎರಡು ಕೆಪಾಸಿಟರುಗಳೂ ಸುಟ್ಟಿದ್ದವು. ಕೀಲಿಮಣೆ ಹೊಸದು ಹಾಕಿದ. ನಾಲ್ಕನೆಯ ದಿನ ಯಂತ್ರ ಎದ್ದು ಕುಳಿತಿತು. ಒಟ್ಟು ವೆಚ್ಚ ರೂ. 4,200. ಬಿಲ್ಲು ಕೊಡಲಿಲ್ಲ, ಗ್ಯಾರಂಟಿಯ ಮಾತಿಗೆ ನಕ್ಕು ಸುಮ್ಮನಾದ. ಅದು ಕೊರತೆಯೇ, ಅಲ್ಲವೆನ್ನಲಾರೆ.

ಈ ಬೋರ್ಡಿನ ವಿದ್ಯುತ್ ನಕ್ಷೆ ಎಲ್ಲಿಂದ ಬಂತು ಎಂದು ಕೇಳಿದೆ. “ಕಂಪನ್ಯಾವರು ಕೊಡಂಗಿಲ್ಲರೀ. ನಾವು ಹ್ಯಾಂಗೋ ಹುಡುಕ್ಕೊಂತೀವಿ.” ಈ ‘ಹ್ಯಾಂಗೋ’ ಎಂಬ ಮಾತಿನಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಅಮ್ಮಿನಬಾವಿಯ ರೈತನ ಪಂಪ್‌ಸೆಟ್ ಸುಟ್ಟರೆ ವೈಂಡಿಂಗ್ ಅಂಗಡಿಯವನು ತಾಮ್ರದ ತಂತಿ ಸುತ್ತಿಕೊಡುತ್ತಾನೆ. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಅದೇ ರೈತನ ಮಗಳ ಲ್ಯಾಪ್‌ಟಾಪ್ ಕೆಟ್ಟರೆ ಮಾತ್ರ ಬಲ್ಲವನೊಬ್ಬ ಕಳ್ಳನಂತೆ ನಕ್ಷೆ ಹುಡುಕಬೇಕು, ಗುಜರಿಯಾದ ಬೋರ್ಡುಗಳಿಂದ ಚಿಪ್ಪು ಕೀಳಬೇಕು.

ನಮ್ಮ ದೇಶದಲ್ಲಿ ಈ ವಿಷಯದ ಚರ್ಚೆ ಹೊಸದೇನಲ್ಲ. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ದುರಸ್ತಿಗಾರರಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತ್ತು. ಕಾರಿಗೆ ಸಲ್ಲುವ ನ್ಯಾಯ ಲ್ಯಾಪ್‌ಟಾಪಿಗೆ ಏಕೆ ಸಲ್ಲಬಾರದು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದೇ ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳು ಅದರಲ್ಲಿವೆ. ಆದರೆ ಮಾಹಿತಿ ಒದಗಿಸುವುದು ಬೇರೆ, ಕೊಡಲೇಬೇಕೆಂದು ಕಟ್ಟಳೆ ಮಾಡುವುದು ಬೇರೆ. 2024ರಲ್ಲಿ ನೇಮಕಗೊಂಡ ಇನ್ನೊಂದು ಸಮಿತಿ ದುರಸ್ತಿ ಸೂಚ್ಯಂಕದ ವರದಿಯನ್ನು 2025ರ ಮೇ ತಿಂಗಳಲ್ಲಿ ಸಲ್ಲಿಸಿತು. ಅದು ಮೊದಲ ಹಂತಕ್ಕೆ ಆರಿಸಿಕೊಂಡದ್ದು ಮೊಬೈಲ್, ಟ್ಯಾಬ್ಲೆಟ್‌ಗಳನ್ನು. ಫ್ರಾನ್ಸ್ 2021ರ ಜನವರಿಯಲ್ಲಿ ಇಂಥ ಸೂಚ್ಯಂಕವನ್ನು ಜಾರಿಗೆ ತಂದಾಗ ಮೊದಲ ಪಟ್ಟಿಯಲ್ಲಿಯೇ ಲ್ಯಾಪ್‌ಟಾಪ್ ಇತ್ತು. ಅಲ್ಲಿ ಅಂಗಡಿಯಲ್ಲಿ ಬೆಲೆಯ ಪಕ್ಕದಲ್ಲೇ ಹತ್ತಕ್ಕೆ ಎಷ್ಟು ಅಂಕ ಎಂಬುದನ್ನೂ ತೋರಿಸಬೇಕು. ಕಳಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ತರಬೇತಿಯಿಲ್ಲದವರು ಲಿಥಿಯಂ ಬ್ಯಾಟರಿ ಮುಟ್ಟಿದರೆ ಬೆಂಕಿ ಹೊತ್ತೀತು ಎಂದು ಕಂಪನಿಗಳು ವಾದಿಸುತ್ತವೆ. ಅದರಲ್ಲಿ ಸತ್ಯವಿದೆ. ಆದರೆ ಅಪಾಯವಿದ್ದಲ್ಲಿ ಕೈಪಿಡಿಯೂ ತರಬೇತಿಯೂ ಹೆಚ್ಚು ಬೇಕಲ್ಲವೆ? ಇನ್ನು, ಚಹಾ ಚೆಲ್ಲುವುದು ಮನುಷ್ಯರ ಮನೆಗಳಲ್ಲಿ ನಡೆಯುವಂಥದ್ದೇ. ಥಿಂಕ್‌ಪ್ಯಾಡ್‌ನ ಅನೇಕ ಮಾದರಿಗಳಲ್ಲಿ ಕೀಲಿಮಣೆಗೆ ಬಿದ್ದ ದ್ರವ ತಳದಿಂದ ಸೋರಿಹೋಗಲು ರಂಧ್ರಗಳಿವೆ. ಹಾಗಾದರೆ ಅದು ಅಸಾಧ್ಯವೇನಲ್ಲ, ಮನಸ್ಸು ಬೇಕು. ಅದಿರಲಿ, ಕೆಲವು ಹೊಸ ಯಂತ್ರಗಳಲ್ಲಿ ಕಡತಗಳನ್ನು ಇಡುವ ಚಿಪ್ಪನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಬೋರ್ಡು ಬದಲಿಸುವುದೆಂದರೆ, ಬೇರೆಡೆ ಪ್ರತಿ ಇಟ್ಟಿರದಿದ್ದರೆ, ವರ್ಷದ ಓದನ್ನೂ ಬಿಟ್ಟುಕೊಡುವುದು.

ನಮ್ಮ ಹುಡುಗಿಯ ವರದಿ ಸಕಾಲಕ್ಕೆ ಸಲ್ಲಿಕೆಯಾಯಿತು. ಸೂಚ್ಯಂಕದ ಪಟ್ಟಿಗೆ ಲ್ಯಾಪ್‌ಟಾಪನ್ನು ಸೇರಿಸುವುದು, ಮಾರಿದ ಯಂತ್ರದ ನಕ್ಷೆಯನ್ನೂ ಬಿಡಿಭಾಗಗಳನ್ನೂ ಇಂತಿಷ್ಟು ವರ್ಷ ಎಲ್ಲ ದುರಸ್ತಿಗಾರರಿಗೂ ನ್ಯಾಯವಾದ ಬೆಲೆಗೆ ಕೊಡಬೇಕೆಂದು ಕಾನೂನು ಮಾಡುವುದು ಕೇಂದ್ರ ಸರ್ಕಾರದ ಕೈಯಲ್ಲಿದೆ. ಓಣಿಯ ಅಂಗಡಿಯವನಿಂದ ಬಿಲ್ಲು, ಗ್ಯಾರಂಟಿ ಕೇಳುವ ಹಕ್ಕು ನಮಗೆ ಬರುವುದು ಆಮೇಲೆ.